ಹೆದ್ದಾರಿಗೆ ಮುಖ ಮಾಡಿದ ಊರು

ಆಫೀಸಿನಲ್ಲಿ ಅವಳಿಗೆ ತಕ್ಕಡಿ ಎಂದು ಅಡ್ಡಹೆಸರು ಬಿದ್ದಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುತ್ತಾರೆಂಬುದು ಅವಳಿಗೆ ಗೊತ್ತಿಲ್ಲದೆಯೂ ಇರಲಿಲ್ಲ. ಯಾವ ಊರಿಗೆ ಏನು ಸಲ್ಲಬೇಕು ಎಂದು ತೀರ್ಮಾನಿಸುವ ಪ್ರಾದೇಶಿಕ ಯೋಜನಾ ಕಚೇರಿ ಅದು, ತೂಗುವವಳು ಇವಳು. ದಾರಿ ಹೇಗಿದೆ, ನೀರು ಎಷ್ಟು ಆಳದಲ್ಲಿದೆ, ಕರೆಂಟು ಸರಿಯಾಗಿರುತ್ತದೆಯೋ ಕೈಕೊಡುತ್ತದೆಯೋ, ಕಸುಬು ಬಲ್ಲ ಕೈಗಳು ಎಷ್ಟಿವೆ, ಬ್ಯಾಂಕಿನವರು ಬಾಗಿಲು ತೆರೆಯುತ್ತಾರೋ ಮುಖ ತಿರುಗಿಸುತ್ತಾರೋ, ಎಲ್ಲಕ್ಕೂ ಅಂಕ. ಹೆಚ್ಚು ಅಂಕ ಬಂದ ಊರಿಗೆ ಗೋದಾಮು, ತರಬೇತಿ ಶಾಲೆ, ಸರಕು ಸಾಗಣೆಯ ಡಿಪೋ. ಕಡಿಮೆ ಬಂದ ಊರಿಗೆ ವರದಿಯ ಕೊನೆಯಲ್ಲಿ ಸಮಾಧಾನದ ಒಂದು ಪ್ಯಾರಾ. ಆ ಪ್ಯಾರಾ ಬರೆಯುವವಳೂ ಅವಳೇ, ಅದರಲ್ಲಿ ಅವಳ ಕೈ ಚೆನ್ನಾಗಿ ಪಳಗಿತ್ತು.

ಮೇಲಧಿಕಾರಿ ಅವಳನ್ನು ಕರೆದು ಆ ಒಂದು ಊರಿನ ಕಡತ ಕೈಗಿಟ್ಟಾಗ ಮಾತ್ರ ಅವಳ ಮುಖ ಸಪ್ಪಗಾಯಿತು.

"ಇದೊಂದು ಮುಗಿಸ್ಕೊಂಡು ಬಂದ್ಬಿಡಿ," ಎಂದರು ಅವರು. "ನಿಮಗಿಂತ ಮುಂಚೆ ಹೋದವರು ಇಬ್ಬರೂ ಬರಿಗೈಲಿ ವಾಪಸ್ ಬಂದರು. ಒಬ್ಬರಂತೂ ಅಲ್ಲಿ ರಸ್ತೆ ದಾಟೋಕೆ ಭಯ ಆಯ್ತು ಅಂತ ಬರೆದಿದಾರೆ. ಅಲ್ಲಿ ರಸ್ತೇನೇ ಇಲ್ಲ ಕಣ್ರೀ."

ರಸ್ತೆ ಇಲ್ಲ, ರಸ್ತೆಯ ಗೆರೆ ಇದೆ. ಆ ಗೆರೆ ಎಳೆದವರು ಅವಳ ಅಪ್ಪ. ಇದೇ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಮೂವತ್ತು ವರ್ಷದ ಹಿಂದೆ ಮೇಲಿನವರು ಹೇಳಿದಂತೆ ಆ ಊರಿನ ನಡುವೆ ಹೆದ್ದಾರಿಗೆಂದು ಅಳತೆ ಮಾಡಿ ಎರಡು ನೇರ ಗೆರೆ ಎಳೆದರು. ಗೆರೆಗಳ ನಡುವಿನ ಜಾಗ ಸರ್ಕಾರಕ್ಕೆ ಮೀಸಲು, ಅಲ್ಲಿ ಯಾರೂ ಒಂದು ಇಟ್ಟಿಗೆಯನ್ನೂ ಇಡುವ ಹಾಗಿಲ್ಲ. ಆಮೇಲೆ ಹೆದ್ದಾರಿ, ಹೊಳೆಗುಂಟ ಕೆಳಗಿರುವ ಸೇತುವೆ ಊರಿನ ಪಾಲಾಯಿತು. ಅಲ್ಲಿ ಮೊದಲೇ ಸೇತುವೆ ಇತ್ತು. ಸೇತುವೆ ಇದ್ದದ್ದಕ್ಕೆ ಗೋದಾಮು ಬಂತು, ಗೋದಾಮು ಬಂದದ್ದಕ್ಕೆ ಬ್ಯಾಂಕು ಬಂತು, ಬ್ಯಾಂಕು ಬಂದದ್ದಕ್ಕೆ ಕಾರ್ಖಾನೆ ಬಂತು, ಇಷ್ಟೆಲ್ಲ ಇದ್ದದ್ದಕ್ಕೆ ಹೆದ್ದಾರಿಯೂ ಅಲ್ಲೇ ಹೋಯಿತು. ಅಭಿವೃದ್ಧಿ ಎಂಬುದಕ್ಕೆ ಇರುವ ಚಾಳಿಯೇ ಅದು. ಆದರೆ ಈ ಊರಿನ ಗೆರೆಯನ್ನು ಅಳಿಸುವುದು ಯಾರಿಗೂ ನೆನಪಾಗಲಿಲ್ಲ. ನೆನಪಾಗುವ ಹೊತ್ತಿಗೆ ಕಾನೂನು ಬಂದಿತ್ತು: ಮೀಸಲು ತೆಗೆಯಬೇಕಾದರೆ ಊರಿನಲ್ಲೇ ಸಭೆ ಕರೆಯಬೇಕು, ಒಬ್ಬರೇ ಒಬ್ಬರು ಎದ್ದು ನಿಂತು ತಕರಾರು ಹೇಳಿದರೂ ವಿಷಯ ಮುಂದಿನ ಯೋಜನೆಗೆ ಹೋಗಬೇಕು. ಮುಂದಿನ ಯೋಜನೆ ಅಂದರೆ ಇನ್ನೂ ಹತ್ತು ವರ್ಷ. ಹಾಗೆ ಎರಡು ಸಲ ಆಗಿಹೋಗಿತ್ತು.

ಅವಳ ಚಿಕ್ಕಮ್ಮ ಇರುವುದು ಅದೇ ಊರಿನಲ್ಲಿ. ಅಮ್ಮನ ಸ್ವಂತ ತಂಗಿ. "ಹೆದ್ದಾರಿ ಬರುತ್ತೆ, ಊರು ಬೆಳೆಯುತ್ತೆ, ಅಲ್ಲೊಂದು ಜಾಗ ತಗೊಳ್ಳಿ" ಎಂದು ಭಾವ ಹೇಳಿದ ಮಾತನ್ನು ನಂಬಿ ಗಂಡನ ಜೊತೆ ಅಲ್ಲಿಗೆ ಹೋಗಿ ನೆಲೆಸಿದವಳು. ಹೆದ್ದಾರಿ ಬರಲಿಲ್ಲವೆಂದಾದ ಮೇಲೆ ಅಪ್ಪ ಒಂದು ಸಲವೂ ಆ ಕಡೆ ತಲೆ ಹಾಕಲಿಲ್ಲ, ನಾದಿನಿಯ ಮುಖ ನೋಡಲು ಅಂಜುತ್ತಿದ್ದರು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಅವರ ತೋರುಬೆರಳು ಹೊದಿಕೆಯ ಮೇಲೆ ನೇರ ಗೆರೆ ಎಳೆಯುತ್ತಲೇ ಇರುತ್ತಿತ್ತು. ಅವಳು ಆ ಕೈಯನ್ನು ಹಿಡಿದುಕೊಂಡು ಕೂರುತ್ತಿದ್ದಳು, ಅವಳ ಅಂಗೈಯೊಳಗೂ ಬೆರಳು ಎಳೆಯುತ್ತಿತ್ತು.

ಬಸ್ಸು ಹಳೆಯ ದಾರಿಯಲ್ಲಿ ಗುಡ್ಡ ಸುತ್ತಿ, ಹಳ್ಳ ಇಳಿದು, ಎಲುಬೆಲ್ಲ ಸಡಿಲ ಮಾಡಿ ಅವಳನ್ನು ಮಧ್ಯಾಹ್ನದ ಹೊತ್ತಿಗೆ ಇಳಿಸಿತು. ಇಳಿದು ನೋಡಿದರೆ ಊರು ಅವಳಿಗೆ ಬೆನ್ನು ತಿರುಗಿಸಿ ನಿಂತಿತ್ತು. ಬಸ್ಸು ನಿಲ್ಲುವ ಬೀದಿಯ ಉದ್ದಕ್ಕೂ ಮನೆಗಳ ಹಿಂಬದಿ: ಬಚ್ಚಲಿನ ಕೊಳವೆ, ಒಣಹಾಕಿದ ಬಟ್ಟೆ, ಮುರಿದ ಕುರ್ಚಿ, ಬಾಗಿಲಿಲ್ಲದ ಗೋಡೆ. ಒಂದು ಸಂದಿಯಲ್ಲಿ ನುಗ್ಗಿ ಆಚೆ ಬದಿಗೆ ಬಂದಾಗ ಊರಿನ ಮುಖ ಕಂಡಿತು.

ಅಗಲವಾದ, ನೇರವಾದ ಬಯಲು. ಈ ತುದಿಯಿಂದ ಆ ತುದಿಗೆ ಹುಲ್ಲನ್ನು ಒಪ್ಪವಾಗಿ ಕತ್ತರಿಸಿದ್ದರು, ಎರಡು ಅಂಚಿಗೂ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಎಲ್ಲ ಮನೆಗಳ ಮುಂಬಾಗಿಲೂ, ಎಲ್ಲ ಅಂಗಡಿಗಳ ಬೋರ್ಡೂ ಅದರ ಕಡೆಗೆ. ಪಂಕ್ಚರ್ ಅಂಗಡಿ, ಗ್ಯಾರೇಜು, ಬಿಡಿಭಾಗಗಳ ಅಂಗಡಿ, ಲಾರಿಯವರು ಮಲಗಲೆಂದು ಕಟ್ಟಿದ ವಸತಿಗೃಹ. ಹೆದ್ದಾರಿ ಬಂದಾಗ ಪರದಾಡಬಾರದೆಂದು ಊರಿನ ಗಂಡಸರೆಲ್ಲ ಆ ಕಾಲಕ್ಕೇ ದೂರದ ಊರುಗಳಿಗೆ ಹೋಗಿ ಎಂಜಿನ್ ಕೆಲಸ, ಟೈರ್ ಕೆಲಸ ಕಲಿತು ಬಂದಿದ್ದರಂತೆ. ಈಗ ಅವರು ಊರಿನ ಸೈಕಲ್ಲುಗಳನ್ನೇ ಸರದಿಯ ಮೇಲೆ ರಿಪೇರಿ ಮಾಡುತ್ತಿದ್ದರು. ಬೋರ್ಡುಗಳಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರು.

ಎದುರು ಸಾಲಿನಲ್ಲಿ ಚಿಕ್ಕಮ್ಮನ ಕ್ಯಾಂಟೀನು ಕಂಡಿತು. ದಾಟಿ ಹೋಗೋಣವೆಂದು ಅವಳು ಬಯಲಿಗೆ ಕಾಲಿಡುತ್ತಲೇ ಯಾರೋ ತೋಳು ಹಿಡಿದು ಹಿಂದಕ್ಕೆ ಎಳೆದರು. ಪಂಕ್ಚರ್ ಅಂಗಡಿಯ ಮುದುಕ.

"ನೋಡ್ಕೊಂಡು ದಾಟಮ್ಮ," ಎಂದ.

ಅವಳಿಗೆ ನಗು ಬಂತು, ಆದರೆ ಮುದುಕನ ಮುಖದಲ್ಲಿ ನಗೆಯ ಸುಳಿವೂ ಇರಲಿಲ್ಲ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಇನ್ನೂ ಸ್ವಲ್ಪ ಹೊತ್ತು ತಡೆದ, ಏನೋ ಹಾದುಹೋಗಲೆಂದು ಕಾಯುವವನ ಹಾಗೆ. ಆಮೇಲೆ ತೋಳು ಬಿಟ್ಟ. ಅವಳೂ ಎರಡು ಬದಿಗೆ ನೋಡಿಕೊಂಡೇ ದಾಟಿದಳು. ಅರ್ಧ ದಾರಿಯಲ್ಲಿ ತನ್ನ ಹೆಜ್ಜೆ ತಾನಾಗಿಯೇ ಬಿರುಸಾದದ್ದು ಅವಳ ಗಮನಕ್ಕೆ ಬಂತು, ತನ್ನ ಮೇಲೆ ತನಗೇ ಸಿಟ್ಟು ಬಂತು.

ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಸಣಕಲು ಮೈ, ದೊಡ್ಡ ಕಣ್ಣು, ಸೆರಗಿಗೆ ಕೈ ಒರೆಸಿಕೊಳ್ಳುವ ಅಭ್ಯಾಸ. ಥೇಟ್ ಅಮ್ಮನ ಅಭ್ಯಾಸ ಅದು.

"ಬಾರೇ. ಅಂತೂ ನಿಮ್ಮನೆಯಿಂದ ಒಬ್ಬರು ಬಂದ್ರಲ್ಲ. ನಿಮ್ಮಪ್ಪ ಬರ್ತಾರೆ ಅಂದ್ಕೊಂಡಿದ್ದೆ, ಅವರು ನೇರ ಮೇಲಕ್ಕೇ ಹೋದ್ರು," ಎಂದಳು ಚಿಕ್ಕಮ್ಮ.

"ನಾನು ಆಫೀಸ್ ಕೆಲಸಕ್ಕೆ ಬಂದಿರೋದು ಚಿಕ್ಕಮ್ಮ."

"ಗೊತ್ತು ಬಿಡು. ಇಲ್ಲಿಗೆ ಬರೋರೆಲ್ಲ ಅದಕ್ಕೇ ಬರೋದು. ಆಫೀಸ್ನೋರಿಗೆ ಹಸಿವಾಗಲ್ವಾ? ಕೈಕಾಲು ತೊಳ್ಕೋ ಹೋಗು."

ಒಳಗೆ ಹೋದರೆ ಕಾಲಿಡಲು ಜಾಗವಿಲ್ಲ. ಕ್ಯಾಂಟೀನಿನ ಹಿಂದಿನ ಕೋಣೆಯ ತುಂಬ ಬಿಚ್ಚಿದ ಮೋಟಾರುಗಳು. ನೀರೆತ್ತುವ ಪಂಪು, ಹಿಟ್ಟಿನ ಗಿರಣಿಯದು, ಫ್ಯಾನಿನದು, ಎಲ್ಲ ಹೊಟ್ಟೆ ಬಗೆದುಕೊಂಡು ಬಿದ್ದಿದ್ದವು. ಅಡುಗೆಮನೆಯಲ್ಲಿ ನಾಲ್ಕು ಜನ ಹೆಂಗಸರು ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ನಡುವೆ ಚಿಕ್ಕಮ್ಮನ ಮಗಳು. ಒಂದು ಕಡೆ ಕೂತವಳಲ್ಲ, ಮಾತು ಶುರು ಮಾಡಿದರೆ ನಿಲ್ಲಿಸಿದವಳಲ್ಲ. ಊರಿನವರು ಅವಳನ್ನು ಕರೆಯುವುದೇ ಮೋಟಾರು ಎಂದು. ಸುಟ್ಟುಹೋದ ಮೋಟಾರುಗಳನ್ನು ಸೇತುವೆ ಊರಿನಿಂದ ಬಸ್ಸಿನ ಮೇಲೆ ಹಾಕಿಕೊಂಡು ಬಂದು, ಹೊಸದಾಗಿ ತಂತಿ ಸುತ್ತಿ, ಬಸ್ಸಿನ ಮೇಲೆಯೇ ವಾಪಸ್ ಕಳಿಸುವುದು ಅವಳ ಕಸುಬು. ಗ್ಯಾರೇಜಿನವನೊಬ್ಬ ಎಂದೋ ಕಲಿಸಿದ ವಿದ್ಯೆಯನ್ನು ಊರಿನಲ್ಲಿ ಹೊಟ್ಟೆಪಾಡಾಗಿ ತಿರುಗಿಸಿಕೊಂಡವಳು ಇವಳೊಬ್ಬಳೇ.

"ಅಕ್ಕ, ನೀನು ತಕ್ಕಡಿ ಅಂತೆ. ನಮ್ಮೂರನ್ನ ತೂಕಕ್ಕೆ ಹಾಕೋಕೆ ಬಂದ್ಯಾ?" ಎಂದಳು ಮೋಟಾರು, ಕೈಯ ತಂತಿ ಬಿಡದೆ.

"ನಿನಗೆ ಯಾರು ಹೇಳಿದ್ದು ಆ ಹೆಸರು?"

"ನಿಮ್ಮಾಫೀಸಿಗೆ ಎಷ್ಟು ಸಲ ಅಲೆದಿದೀನಿ ಅನ್ಕೊಂಡಿದೀಯ? ನಿಮ್ಮ ಜವಾನ ನನಗೆ ಅರ್ಧ ನೆಂಟ ಆಗ್ಬಿಟ್ಟಿದಾನೆ."

ಊಟವಾದ ಮೇಲೆ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಮೋಟಾರು ಕ್ಯಾಂಟೀನಿನ ಎದುರು, ಸುಣ್ಣದ ಕಲ್ಲಿನ ಈಚೆ ನಿಲ್ಲಿಸಿದಳು. ಅಲ್ಲಿ ನಿಂತು ತನ್ನ ಲೆಕ್ಕ ಒಪ್ಪಿಸಿದಳು. ಒಂದು ಶೆಡ್ಡು ಬೇಕು. ಶೆಡ್ಡು ಕಟ್ಟಲು ಊರಿನಲ್ಲಿ ಇರುವ ಸಮತಟ್ಟು ಜಾಗ ಈ ಬಯಲೊಂದೇ, ಸುತ್ತ ಬರೀ ಬಂಡೆ. ಶೆಡ್ಡಿದ್ದರೆ ದೊಡ್ಡ ಕರೆಂಟ್ ಲೈನು ಕೊಡುತ್ತಾರೆ, ಲೈನಿದ್ದರೆ ಬ್ಯಾಂಕಿನವರು ಮಾತಾಡುತ್ತಾರೆ, ಆಮೇಲೆ ನಾಲ್ಕು ಹೆಂಗಸರ ಜಾಗದಲ್ಲಿ ಊರಿನ ಅರ್ಧ ಹೆಂಗಸರಿಗೆ ಕೆಲಸ. ಆದರೆ ಮೀಸಲಿನ ಗೆರೆ ಇರುವ ತನಕ ಯಾರನ್ನು ಕೇಳಿದರೂ ಆಗಲ್ಲಮ್ಮ ಎಂಬ ಒಂದೇ ಮಾತು.

"ಸೇತುವೆ ಊರಿನ ವರ್ಕ್‌ಶಾಪಿನವರು ಬಾ ಅಂತಿದಾರೆ ಅಕ್ಕ. ಜಾಗ ಕೊಡ್ತಾರಂತೆ, ಈ ನಾಲ್ಕೂ ಜನಾನೂ ಕರ್ಕೊಂಡು ಬಾ ಅಂದಿದಾರೆ. ಈ ಸಲಾನೂ ಗೆರೆ ಹೋಗ್ಲಿಲ್ಲ ಅಂದ್ರೆ ನಾನು ಹೋಗ್ತೀನಿ. ಇನ್ನೂ ಹತ್ತು ವರ್ಷ ಕೂತು ಸೈಕಲ್ ನೋಡೋಕೆ ನನ್ನ ಕೈಲಾಗಲ್ಲ."

"ಚಿಕ್ಕಮ್ಮನೂ ಬರ್ತಾಳಾ?"

"ಅಮ್ಮ ಈ ಬಾಗಿಲು ಬಿಟ್ಟು ಬರಲ್ಲ. ನಿನಗೆ ಗೊತ್ತಿಲ್ವಾ? ಎರಡು ಸಲಾನೂ ಸಭೇಲಿ ಎದ್ದು ನಿಂತು ತಕರಾರು ಹೇಳಿದೋಳು ಅಮ್ಮಾನೇ."

ಕಡತದಲ್ಲಿ ಬರೆದಿದ್ದದ್ದು "ಒಂದು ಆಕ್ಷೇಪಣೆ ಬಂದಿದೆ" ಎಂದಷ್ಟೇ. ಅದರ ಹಿಂದೆ ಇರುವುದು ತನ್ನ ಚಿಕ್ಕಮ್ಮ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಊರಿನ ಉಳಿದವರು ಎರಡು ಸಲವೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರಂತೆ. ಬೇಕು ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಚಿಕ್ಕಮ್ಮ ಎದ್ದು ನಿಂತಾಗ ಎಲ್ಲರ ಎದೆಯೂ ಹಗುರಾಯಿತು ಎಂದಳು ಮೋಟಾರು. ಒಬ್ಬ ಹೆಂಗಸಿನ ಬಾಯಲ್ಲಿ ಆಡಿಸಿ ತಾವು ಒಳ್ಳೆಯವರಾಗಿ ಉಳಿಯುವ ಕಲೆ ಎಲ್ಲ ಊರಿನವರಿಗೂ ಬರುತ್ತದೆ.

ಚಿಕ್ಕಮ್ಮ ಯಾಕೆ ಹಾಗೆ ಮಾಡಿದಳೆಂದು ಅವಳು ಕೇಳಬೇಕಾಗಲಿಲ್ಲ. ಚಿಕ್ಕಪ್ಪ ಲಾರಿ ಓಡಿಸುತ್ತಿದ್ದವರು. ಹೆದ್ದಾರಿ ಆಗುವ ತನಕ ಬೇರೆ ಕಡೆ ದುಡಿದುಕೊಂಡು ಬರುತ್ತೇನೆ, ಬರುವಾಗ ಸ್ವಂತ ಲಾರಿಯಲ್ಲಿ ಈ ದಾರಿಯಲ್ಲೇ ಬಂದು ಮನೆ ಬಾಗಿಲಿಗೇ ನಿಲ್ಲಿಸುತ್ತೇನೆ ಎಂದು ಹೇಳಿ ಹೋದರು. ಆಗ ಮೋಟಾರು ತೊಟ್ಟಿಲಲ್ಲಿದ್ದಳು. ಮೊದಮೊದಲು ಸುದ್ದಿ ಬರುತ್ತಿತ್ತು, ಆಮೇಲೆ ಸುದ್ದಿಯೂ ನಿಂತಿತು. ಸತ್ತರೋ ಇದ್ದಾರೋ ಯಾರಿಗೂ ತಿಳಿಯದು. ಈ ಕಥೆ ಅವಳ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಯಾಕೆಂದರೆ ಕಥೆಯ ಬುಡದಲ್ಲಿ ಅಪ್ಪನ ಗೆರೆ ಇತ್ತು.

ಸಂಜೆ ಚಿಕ್ಕಮ್ಮ ಚಹಾ ಮಾಡಿ ತಂದಳು. ಗಿರಾಕಿಗಳು ಎದ್ದು ಹೋಗಿದ್ದರು. ಇಬ್ಬರೂ ಬಾಗಿಲ ಬಳಿಯ ಮೇಜಿಗೆ ಕೂತರು. ಬೆಳಕು ಮಸುಕಾಗುತ್ತಿತ್ತು, ಬಯಲಿನ ಹುಲ್ಲು ಬೂದಿಬಣ್ಣಕ್ಕೆ ತಿರುಗಿತ್ತು.

"ನಿನ್ನ ತಕ್ಕಡೀಲಿ ನಮ್ಮೂರಿಗೆ ಎಷ್ಟು ಬಂತು?" ಚಿಕ್ಕಮ್ಮ ಕೇಳಿದಳು.

ಸುಳ್ಳು ಹೇಳೋಣವೆನ್ನಿಸಿತು, ಹೇಳಲಾಗಲಿಲ್ಲ. "ಕಡಿಮೆ ಚಿಕ್ಕಮ್ಮ. ದಾರಿಗೆ ಸೊನ್ನೆ. ದಾರಿಗೆ ಸೊನ್ನೆ ಬಿದ್ರೆ ಅದು ಉಳಿದಿದ್ದನ್ನೂ ಕೆಳಕ್ಕೆ ಎಳೆಯುತ್ತೆ. ಕೈಕೆಲಸಕ್ಕೆ ಮಾತ್ರ ತುಂಬಾ ಬಂದಿದೆ. ಇಷ್ಟು ಜನ ಮೆಕ್ಯಾನಿಕ್‌ಗಳು ಸೇತುವೆ ಊರಲ್ಲೂ ಇಲ್ಲ."

"ಕಾದಿದ್ದಕ್ಕೆ ಎಷ್ಟು ಅಂಕ?"

"ಅದಕ್ಕೆ ಅಂಕ ಇಲ್ಲ."

"ಇರಬೇಕಿತ್ತು," ಎಂದಳು ಚಿಕ್ಕಮ್ಮ. "ಅದರಲ್ಲಿ ನಾವೇ ಫಸ್ಟು ಬರ್ತಿದ್ವಿ."

ನಗಬೇಕೋ ಬೇಡವೋ ಎಂದು ಅವಳು ನೋಡುತ್ತಿರುವಾಗಲೇ ಲೋಟದೊಳಗಿನ ಚಹಾ ನಡುಗಿತು. ಮೊದಲು ಸಣ್ಣ ಸುತ್ತುಗಳು ಎದ್ದವು. ಆಮೇಲೆ ಗೋಡೆಯ ಕಪಾಟಿನಲ್ಲಿದ್ದ ಕಪ್ಪುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನೆಲದಿಂದ ಅಂಗಾಲಿಗೆ, ಅಂಗಾಲಿನಿಂದ ಮೊಣಕಾಲಿಗೆ ಅದುರು ಏರಿತು. ಭಾರ ಹೊತ್ತ ಗಾಡಿಯೊಂದು ಬಾಗಿಲ ಮುಂದೆಯೇ ನಿಧಾನಕ್ಕೆ ಹಾದುಹೋದರೆ ಹೇಗೋ ಹಾಗೆ. ಬಾಗಿಲಾಚೆ ಖಾಲಿ ಹುಲ್ಲು. ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಏನು ಚಿಕ್ಕಮ್ಮ ಇದು?"

"ಹೋಗ್ತಾ ಇರುತ್ತೆ," ಎಂದಳು ಚಿಕ್ಕಮ್ಮ, ನಡುಗುವ ಲೋಟದ ಮೇಲೆ ಅಂಗೈ ಮುಚ್ಚಿಕೊಂಡು. "ದಿನಾ ಈ ಹೊತ್ತಿಗೆ. ಮೊದಲು ಒಂದೊಂದು ಹೋಗ್ತಿತ್ತು. ಈಗ ಜಾಸ್ತಿ ಆಗಿದೆ."

"ಬಂಡೆ ಒಡೀತಿರಬೇಕು ಎಲ್ಲೋ."

"ಇರಬಹುದು. ನಿಮ್ಮ ಹಿಂದಿನ ಆಫೀಸರೂ ಹಾಗೇ ಅಂದಿದ್ರು," ಎಂದಳು ಚಿಕ್ಕಮ್ಮ, ಯಾವ ವಾದವೂ ಇಲ್ಲದೆ. ಅದುರು ನಿಂತ ಮೇಲೆ ಅವಳು ಕೈ ತೆಗೆದು ಚಹಾ ಕುಡಿದು ಮುಗಿಸಿದಳು.

ಮಾರನೆಯ ದಿನ ಬೆಳಿಗ್ಗೆ ಶಾಲೆಯ ಕೋಣೆಯಲ್ಲಿ ಸಭೆ. ಮಕ್ಕಳು ಕೂರುವ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಮಡಿಸಿಕೊಂಡು ತುರುಕಿಕೊಂಡಿದ್ದರು. ಪಂಕ್ಚರ್ ಅಂಗಡಿಯ ಮುದುಕ, ಗ್ಯಾರೇಜಿನವರು, ವಸತಿಗೃಹದವನು, ತಂತಿ ಸುತ್ತುವ ಹೆಂಗಸರು. ಚಿಕ್ಕಮ್ಮ ಗೋಡೆಯ ಪಕ್ಕ, ಮೋಟಾರು ಬಾಗಿಲ ಪಕ್ಕ. ತಾಯಿ ಮಗಳು ಬೆಳಿಗ್ಗೆಯಿಂದ ಮಾತಾಡಿರಲಿಲ್ಲ.

ಅವಳು ಓದಿದಳು. ಹೆದ್ದಾರಿಗೆಂದು ಮೀಸಲಿಟ್ಟ ಜಾಗವನ್ನು ಮೀಸಲಿನಿಂದ ಕೈಬಿಡಲಾಗುವುದು, ಜಾಗ ಆಯಾ ಮನೆಯವರಿಗೆ ಸೇರುವುದು, ಈ ಊರಿನ ಮೂಲಕ ಹೆದ್ದಾರಿಯ ಯಾವ ಪ್ರಸ್ತಾಪವೂ ಇನ್ನು ಮುಂದೆ ಇರುವುದಿಲ್ಲ. ಕೊನೆಯ ಸಾಲು ಓದುವಾಗ ಅವಳ ದನಿ ಸ್ವಲ್ಪ ಕುಗ್ಗಿತು. ಬಾಗಿಲಿನಾಚೆ ಬಯಲು ಬಿಸಿಲಿನಲ್ಲಿ ಬಿದ್ದುಕೊಂಡಿತ್ತು.

"ಯಾರದ್ದಾದ್ರೂ ತಕರಾರು ಇದೆಯಾ?" ಎಂದು ಕೇಳಿದಳು.

ಒಂದೊಂದೇ ತಲೆ ಚಿಕ್ಕಮ್ಮನ ಕಡೆ ತಿರುಗಿತು. ಮೋಟಾರು ಮಾತ್ರ ಕಾಲ ಹೆಬ್ಬೆರಳನ್ನೇ ನೋಡಿಕೊಂಡು ನಿಂತಿದ್ದಳು. ಅವಳ ಚೀಲ ಮನೆಯಲ್ಲಿ ಕಟ್ಟಿಟ್ಟದ್ದನ್ನು ತಕ್ಕಡಿ ಬೆಳಿಗ್ಗೆಯೇ ನೋಡಿದ್ದಳು. ಚಿಕ್ಕಮ್ಮನೂ ನೋಡಿರಲೇಬೇಕು. ಆಫೀಸರಾದವಳು ಯಾರನ್ನೂ ಒಲಿಸುವ ಹಾಗಿಲ್ಲ ಎಂಬುದು ಕಾನೂನು. ಅವಳು ಕೈಯಲ್ಲಿದ್ದ ಪೆನ್ನನ್ನು ಹಿಂಡುತ್ತಾ ಕೂತಳು. ಆ ಕ್ಷಣಕ್ಕೆ ಅವಳಿಗೆ ಬೇಕಾಗಿದ್ದದ್ದು ಒಂದೇ, ಈ ಮಗಳು ಈ ತಾಯಿಯನ್ನು ಬಿಟ್ಟು ಹೋಗಬಾರದು.

ಚಿಕ್ಕಮ್ಮ ಎದ್ದು ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ನಿರಾಳವಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ನಂದೇನೂ ತಕರಾರಿಲ್ಲ," ಎಂದಳು.

ಕೋಣೆಯಲ್ಲಿ ಗುಸುಗುಸು ಎದ್ದಿತು. ಚಿಕ್ಕಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಸೀದಾ ಅವಳನ್ನೇ ನೋಡುತ್ತಾ ಹೇಳಿದಳು: "ಆದ್ರೆ ಒಂದು ಮಾತು. ನಮ್ಮ ಮನೆಯವರು ಇದೇ ದಾರೀಲಿ ಬರ್ತೀನಿ ಅಂತ ಹೇಳಿ ಹೋದೋರು. ಇನ್ನು ಈ ದಾರಿ ಇಲ್ಲ ಅಂತ ಅವರಿಗೆ ಯಾರಾದ್ರೂ ಹೇಳಬೇಕಲ್ಲ. ಗೆರೆ ಎಳೆದಿದ್ದು ನಿಮ್ಮಪ್ಪ. ಅಳಿಸ್ತಿರೋದು ನೀನು. ನೀನೇ ಹೇಳು. ಇವತ್ತು ಸಂಜೆ ಅಲ್ಲಿ ನಿಂತ್ಕೊಂಡು ಹೇಳ್ತೀನಿ ಅಂತ ಮಾತು ಕೊಡು, ಅಷ್ಟು ಸಾಕು ನನಗೆ."

ಯಾರೂ ನಗಲಿಲ್ಲ. ಪಂಕ್ಚರ್ ಅಂಗಡಿಯ ಮುದುಕ ತಲೆದೂಗಿದ, ನ್ಯಾಯವಾದ ಮಾತು ಎನ್ನುವ ಹಾಗೆ. ಅವಳು ಆಫೀಸಿನ ಮೊಹರನ್ನು ಕೈಯಲ್ಲಿ ಹಿಡಿದುಕೊಂಡೇ "ಹೇಳ್ತೀನಿ ಚಿಕ್ಕಮ್ಮ" ಎಂದಳು. ಆಮೇಲೆ ಮೊಹರು ಒತ್ತಿದಳು. ಬಾಗಿಲಲ್ಲಿ ಮೋಟಾರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಸಂಜೆಯ ತನಕ ಅವಳು ತನಗೆ ತಾನೇ ಹೇಳಿಕೊಂಡಳು: ಇದೊಂದು ಶಾಸ್ತ್ರದ ಹಾಗೆ, ಒಬ್ಬ ನೊಂದ ಹೆಂಗಸಿನ ಸಮಾಧಾನಕ್ಕೆ. ಖಾಲಿ ಬಯಲಿನಲ್ಲಿ ನಿಂತು ಎರಡು ಮಾತಾಡಿದರೆ ಯಾರ ಗಂಟೂ ಹೋಗುವುದಿಲ್ಲ. ಎಷ್ಟೋ ಊರುಗಳಿಗೆ ಇಲ್ಲ ಎಂದು ಬರೆದ ಕೈ ಇದು, ಒಂದು ಊರಿನಲ್ಲಿ ಬಾಯಿಬಿಟ್ಟು ಹೇಳುವುದಕ್ಕೇನು ಕಷ್ಟ ಎಂದೂ ಅಂದುಕೊಂಡಳು.

ಬೆಳಕು ಮಸುಕಾಗುವ ಹೊತ್ತಿಗೆ ಹೋಗಿ ಬಯಲಿನ ನಡುವೆ ನಿಂತಳು. ಎರಡು ಬದಿಯ ಅಂಗಡಿಗಳಲ್ಲೂ ಜನ ಬಾಗಿಲಿಗೆ ಬಂದು ನಿಂತಿದ್ದರು, ಯಾರೂ ಸುಣ್ಣದ ಕಲ್ಲು ದಾಟಿರಲಿಲ್ಲ. ಹುಲ್ಲಿನ ಮೇಲೆ ನಿಂತಾಗಲೂ ಕಾಲಡಿ ಗಟ್ಟಿಯಾಗಿತ್ತು, ಬಹಳ ಜನ ತುಳಿದ ನೆಲದ ಹಾಗೆ.

ಮೊದಲು ವಾಸನೆ ಬಂತು. ಡೀಸೆಲ್ಲು, ಕಾದ ರಬ್ಬರು. ಆಮೇಲೆ ಊರಿನ ಆ ತುದಿಯಿಂದ ಗುಡುಗಿನಂಥ ಸದ್ದು. ಕಣ್ಣಿಗೆ ಏನೂ ಕಾಣಲಿಲ್ಲ, ಹುಲ್ಲು ಮಾತ್ರ ಎರಡು ಸಾಲಿನಲ್ಲಿ ಮಲಗುತ್ತಾ ಅವಳ ಕಡೆಗೆ ಬಂತು. ಓಡಬೇಕೆನ್ನಿಸಿತು, ಆದರೂ ನಿಂತಲ್ಲೇ ನಿಂತಳು. ಮುಖಕ್ಕೆ ಬಿಸಿಗಾಳಿ ತಾಗುವಷ್ಟು ಹತ್ತಿರ ಬಂದು ಅದು ನಿಂತಿತು. ಬ್ರೇಕಿನ ಗಾಳಿ ಉಸ್ಸೆಂದಿತು. ಎಂಜಿನ್ನು ನಿಂತಲ್ಲೇ ಗುರುಗುಡುತ್ತಿತ್ತು, ದಾರಿ ಬಿಡುತ್ತೀಯಾ ಇಲ್ಲವಾ ಎಂದು ಕೇಳುತ್ತಿತ್ತು.

"ಚಿಕ್ಕಪ್ಪ," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಆಗ ಅದರ ಹಿಂದೆ ಇನ್ನೊಂದು ಬಂದು ನಿಂತದ್ದು ಕೇಳಿಸಿತು. ಅದರ ಹಿಂದೆ ಮತ್ತೊಂದು. ಬ್ರೇಕುಗಳು ಒಂದಾದ ಮೇಲೊಂದು ಉಸ್ಸೆನ್ನುತ್ತಾ ಸದ್ದು ಊರಿನ ತುದಿಯ ತನಕ, ಗುಡ್ಡದ ತನಕ ಹಿಂದೆ ಹಿಂದೆ ಸರಿಯಿತು. ಬರಬೇಕಾಗಿದ್ದದ್ದು ಎಲ್ಲವೂ ಬಂದು ನಿಂತಿತ್ತು. ಈ ಊರಿನಲ್ಲಿ ಮಾಲು ಇಳಿಸಬೇಕಾಗಿದ್ದ ಲಾರಿಗಳು, ಆ ವಸತಿಗೃಹದಲ್ಲಿ ಮಲಗಬೇಕಾಗಿದ್ದ ಚಾಲಕರು, ಮುದುಕನ ಕೈಗೆ ಸಿಗಬೇಕಾಗಿದ್ದ ಟೈರುಗಳು, ಇಲ್ಲಿಗೆ ಮದುವೆಯಾಗಿ ಬರಬೇಕಾಗಿದ್ದ ಹೆಣ್ಣುಮಕ್ಕಳನ್ನು ಹೊತ್ತ ಬಸ್ಸುಗಳು. ಇಷ್ಟು ವರ್ಷದ್ದು ಒಂದೂ ಬಿಡದೆ ಸಾಲಾಗಿ ನಿಂತು ಅವಳೊಬ್ಬಳಿಗಾಗಿ ಕಾಯುತ್ತಿತ್ತು. ಯಾವುದೂ ಹಾರನ್ ಹೊಡೆಯಲಿಲ್ಲ. ಹೊಡೆದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಆ ತಾಳ್ಮೆ ಈ ಊರಿನದೇ ತಾಳ್ಮೆಯಾಗಿತ್ತು.

ಸಮಾಧಾನದ ಪ್ಯಾರಾ ಬರೆದು ಪಳಗಿದ ಅವಳಿಗೆ ಒಂದು ಸಾಲೂ ಹೊಳೆಯಲಿಲ್ಲ. ಇಲ್ಲ ಎಂದು ಬರೆಯುವಾಗಲೆಲ್ಲ ಅವಳು ಒಂದು ಕೋಣೆಯಲ್ಲಿ, ಒಂದು ಮೇಜಿನ ಮುಂದೆ ಕೂತಿರುತ್ತಿದ್ದಳು. ಯಾವ ಊರೂ ಎದುರಿಗೆ ಬಂದು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿರಲಿಲ್ಲ. ಅವಳಿಗೆ ಅಳು ಬಂತು. ಕಣ್ಣು ಒರೆಸಿಕೊಂಡು ಅವಳು ಬದಿಗೆ ಸರಿದಳು. ಸುಣ್ಣದ ಕಲ್ಲಿನ ತನಕ ಸರಿದು, ದಾರಿ ಬಿಟ್ಟು ನಿಂತಳು.

ಅವು ಹೋದವು. ಬಹಳ ಹೊತ್ತು ಹೋದವು. ಅವಳ ಸೆರಗು ಒಂದೊಂದಕ್ಕೂ ಹಾರುತ್ತಿತ್ತು. ಕೊನೆಯದು ಹೋಗಿ ಹುಲ್ಲು ಮತ್ತೆ ತಲೆ ಎತ್ತುವ ಹೊತ್ತಿಗೆ ಬಾಗಿಲುಗಳಲ್ಲಿ ನಿಂತಿದ್ದವರೆಲ್ಲ ಒಳಗೆ ಹೋಗಿದ್ದರು. ಅವರಿಗೆ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಕ್ಯಾಂಟೀನಿನಲ್ಲಿ ಚಿಕ್ಕಮ್ಮ ದೀಪ ಹಾಕಿಕೊಂಡು ಕೂತಿದ್ದಳು. ಮೋಟಾರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಹೇಳಿದ್ಯಾ?"

"ಹೇಳಿದೆ ಚಿಕ್ಕಮ್ಮ."

"ಏನಂದ್ರು?"

ಇದನ್ನು ಅವಳು ಯೋಚಿಸಿರಲಿಲ್ಲ. ಆ ದೊಡ್ಡ ಕಣ್ಣುಗಳು ತನ್ನನ್ನೇ ನೋಡುತ್ತಿದ್ದವು. ಏನಾದರೂ ಹೇಳಬೇಕಿತ್ತು, ನೋಯಿಸದ್ದು ಏನಾದರೂ. "ಆಗಲಿ ಅಂದ್ರು. ಹಳೇ ದಾರೀಲಿ ಸುತ್ತಿಕೊಂಡು ಬರ್ತಾರಂತೆ," ಎಂದಳು.

ಚಿಕ್ಕಮ್ಮ ನಕ್ಕಳು. ಸಿಟ್ಟಿನ ನಗೆಯಲ್ಲ, ಮಕ್ಕಳು ತಂದುಕೊಟ್ಟ ಸುಳ್ಳಿಗೆ ತಾಯಂದಿರು ನಗುವ ನಗೆ.

"ಸುಳ್ಳಿ ಕಣೇ ನೀನು. ಹಳೇ ದಾರಿ ಇವತ್ತು ಹುಟ್ಟಿತಾ? ನೀನು ಬಂದಿದ್ದು ಅದರಲ್ಲೇ ತಾನೆ? ದಿನಾ ಬಸ್ಸು ಬರುತ್ತೆ, ಹೋಗುತ್ತೆ. ಸುತ್ತಿಕೊಂಡು ಬರೋ ಮನಸ್ಸಿದ್ದೋರು ಯಾವತ್ತೋ ಬರಬಹುದಿತ್ತು."

ಮೋಟಾರು ಬಾಗಿಲು ಬಿಟ್ಟು ಮುಂದೆ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. "ಇದು ನಿನಗೆ ಗೊತ್ತಿತ್ತಾ ಅಮ್ಮ? ಗೊತ್ತಿದ್ದೂ ಎರಡು ಸಲ ಎದ್ದು ನಿಂತ್ಯಾ?"

"ಗೊತ್ತಿಲ್ಲದೆ ಏನು?" ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು. "ರಸ್ತೆ ಆಗಲಿಲ್ಲ, ಅದಕ್ಕೆ ಬರಲಿಲ್ಲ. ಇಷ್ಟು ವರ್ಷ ಊರಿಗೆ ಹಾಗೆ ಹೇಳಿದೆ, ನಿನಗೂ ಹಾಗೇ ಹೇಳಿ ಬೆಳೆಸಿದೆ. ಇನ್ಮೇಲೆ ಹಾಗೆ ಹೇಳೋ ಹಾಗಿಲ್ಲ. ಬರಲಿಲ್ಲ ಅಂತಷ್ಟೇ ಹೇಳಬೇಕು."

ಮಗಳು ಬಂದು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ತಕ್ಕಡಿ ಅಲ್ಲೇ ನಿಂತಿದ್ದಳು, ಯಾರೂ ಅವಳ ಕಡೆ ನೋಡಲಿಲ್ಲ.

"ನಾಳೆ ಗಾರೆಯವನಿಗೆ ಬರೋಕೆ ಹೇಳು," ಎಂದಳು ಚಿಕ್ಕಮ್ಮ ಮಗಳಿಗೆ. "ಶೆಡ್ಡನ್ನ ಬಾಗಿಲಿಗೆ ಹತ್ತಿರಾನೇ ಕಟ್ಟಿಸು. ಎದ್ದ ಕೂಡಲೇ ಗೋಡೆ ಕಾಣೋ ಹಾಗೆ ಇರಲಿ."